ಎರಡು ಮೀಟರಿನ ಗೆರೆ

ಆಸ್ಪತ್ರೆಯವನು ಆ ಮಾತ್ರೆಯನ್ನು ಸೀಸದ ಡಬ್ಬಿಯಲ್ಲಿಟ್ಟುಕೊಂಡು ಬಂದ. ಕೈಯಲ್ಲಿ ಮುಟ್ಟಲಿಲ್ಲ. ಉದ್ದನೆಯ ಇಕ್ಕಳದಿಂದ ಎತ್ತಿ ಪುಟ್ಟ ಲೋಟಕ್ಕೆ ಹಾಕಿ, ಲೋಟವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿ, ತಾನು ಗೋಡೆಯವರೆಗೆ ಹಿಂದೆ ಸರಿದು, "ನೀರಿನ ಜೊತೆ ನುಂಗಿಬಿಡಿ, ಅಗೀಬೇಡಿ" ಎಂದ. ಸೊಸೆ ನುಂಗಿದಳು. ಬಾಗಿಲಿನ ಗಾಜಿನಿಂದ ಇದನ್ನೆಲ್ಲ ನೋಡುತ್ತಿದ್ದ ಅತ್ತೆಯ ಮನಸ್ಸಿನಲ್ಲಿ ಆ ಇಕ್ಕಳ ಕೂತುಬಿಟ್ಟಿತು.

"ಅವರು ಇಕ್ಕಳದಲ್ಲಿ ಹಿಡೀತಾರೆ, ನಮ್ಮ ಹುಡುಗಿ ನಾಲಿಗೆ ಮೇಲೆ ಇಟ್ಕೋಬೇಕು" ಎಂದು ಅತ್ತೆ ಟ್ಯಾಕ್ಸಿ ಡ್ರೈವರ್‌ಗೆ ಹೇಳಿದರು. ಅವರು ಮುಂದಿನ ಸೀಟಿನಲ್ಲಿ, ಸೊಸೆ ಹಿಂದಿನ ಸೀಟಿನ ಆಚೆ ಮೂಲೆಯಲ್ಲಿ. ಹಾಗೆ ಕೂರಿ ಎಂದು ಡಾಕ್ಟರೇ ಹೇಳಿದ್ದರು. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ಕಿಟಕಿ ಪೂರ್ತಿ ಇಳಿಸಿದ.

ಅವರದು ಟೈಲರ್ ಮನೆ. ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಮಗ ಮೆಷಿನ್ ತುಳಿಯುತ್ತಾನೆ, ಅತ್ತೆ ಬಟ್ಟೆ ಕತ್ತರಿಸುತ್ತಾರೆ, ಸೊಸೆ ಕಾಜಾ ಹಾಕಿ ಗುಂಡಿ ಹಚ್ಚುತ್ತಾಳೆ. ಅವಳ ಮಡಿಲಲ್ಲಿ, ಬಟ್ಟೆಚೂರುಗಳ ನಡುವೆ, ಮೂರು ವರ್ಷದ ಮಗಳು. ದುಂಡಗಿದ್ದಾಳೆಂದು ಅವಳನ್ನೂ ಗುಂಡಿ ಎಂದೇ ಕರೆಯುತ್ತಿದ್ದರು. ಒಂದು ವರ್ಷದಿಂದ ಸೊಸೆಯ ಕೈ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ, ಸುಮ್ಮನೆ ಕೂತಿದ್ದರೂ ಎದೆ ಓಡಿಬಂದವರ ಹಾಗೆ ಹೊಡೆದುಕೊಳ್ಳುತ್ತಿತ್ತು, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆ ಎಂದರು ಡಾಕ್ಟರು. ಆ ಗ್ರಂಥಿಗೆ ಅಯೋಡಿನ್ ಕಂಡರೆ ಆಸೆ. ವಿಕಿರಣ ಸೂಸುವ ಅಯೋಡಿನ್ ಕೊಟ್ಟರೆ ಅದನ್ನೂ ಎಳೆದುಕೊಳ್ಳುತ್ತದೆ, ಎಳೆದುಕೊಂಡು, ಆ ವಿಕಿರಣಕ್ಕೆ ಸುಟ್ಟು ಒಳಗೇ ತಣ್ಣಗಾಗುತ್ತದೆ.

"ಮೂರು ವಾರ ಮಗೂನ ಎತ್ಕೋಬಾರದು. ಎರಡು ಮೀಟರ್ ದೂರ ಇರಿ, ಬೇರೆ ಮಲಗಿ, ತಟ್ಟೆ ಬೇರೆ ತೊಳೀರಿ" ಎಂದು ಡಾಕ್ಟರು ಅತ್ತೆಗೂ ಕೇಳುವಂತೆ ಹೇಳಿದ್ದರು. "ದೊಡ್ಡೋರಿಗೆ ಅಷ್ಟೇನಿಲ್ಲ. ಮಕ್ಕಳ ಗ್ರಂಥಿ ಎಳೇದು, ಬೆಳೀತಿರುತ್ತೆ. ಅದೂ ಅಲ್ದೆ ಮಗು ಬಂದ್ರೆ ಒಂದು ನಿಮಿಷಕ್ಕೆ ಹೋಗುತ್ತಾ? ರಾತ್ರಿಯೆಲ್ಲ ಎದೆಗವಚಿಕೊಂಡು ಮಲಗುತ್ತೆ. ದೂರ ಇರಬೇಕು, ಹತ್ತಿರ ಇರೋ ಹೊತ್ತು ಕಮ್ಮಿ ಮಾಡಬೇಕು. ಇಷ್ಟೇ ಇದಕ್ಕೆ ಉಪಾಯ."

ಅತ್ತೆ ಅಳತೆಯ ಮನುಷ್ಯರು. ಮನೆಗೆ ಬಂದವರೇ ಕತ್ತಿನಲ್ಲಿದ್ದ ಟೇಪು ತೆಗೆದು, ಹಿಂದಿನ ಕೋಣೆಯಲ್ಲಿ ಸೊಸೆ ಕೂರುವ ಕುರ್ಚಿಯಿಂದ ಬಾಗಿಲಿನ ಕಡೆಗೆ ಎರಡು ಮೀಟರ್ ಅಳೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದರು. ಹೊಲಿಗೆಗೆ ಬಿಡುವ ಜಾಗವೆಂದು ಇನ್ನೊಂದು ಗೇಣು ಸೇರಿಸಿದರು.

"ರಾತ್ರಿ ದೀಪ ಬೇಡ ಅತ್ತೆ, ನಾನೇ ಬೆಳಗ್ತೀನಿ" ಎಂದಳು ಸೊಸೆ ಒಳಗಿನಿಂದ.

"ಬೆಳಗು ತಾಯಿ, ಕರೆಂಟ್ ಉಳೀತು" ಎಂದರು ಅತ್ತೆ.

ಮೊದಲ ದಿನಗಳಲ್ಲಿ ಮನೆ ನಿಂತದ್ದು ಅತ್ತೆಯ ಗಟ್ಟಿತನದಿಂದಲೇ. ಮಗ ಮೆತ್ತನೆಯವನು. ಮಗು ಅಮ್ಮ ಅಮ್ಮ ಎಂದು ರಂಪ ಮಾಡಿದಾಗ ಎತ್ತಿಕೊಂಡು ಗೆರೆಯವರೆಗೆ ಬಂದು, "ಒಂದೇ ಒಂದು ಮುತ್ತು ಕೊಟ್ಟು ಬರಲಿ ಬಿಡಮ್ಮಾ, ಒಂದು ಮುತ್ತಿಗೆ ಏನಾಗುತ್ತೆ" ಎನ್ನುತ್ತಿದ್ದ.

"ನಿನ್ನ ಮಗಳು ಒಂದಕ್ಕೆ ನಿಲ್ಲಿಸ್ತಾಳಾ? ಅಂಟಿಕೊಂಡ್ರೆ ಬಿಡಿಸೋಕೆ ನಿನಗಾಗುತ್ತಾ? ನಡಿ ಆಚೆ."

ಮಗುವಿಗೆ ಅಯೋಡಿನ್ ತಿಳಿಸುವುದು ಹೇಗೆ? ಅದಕ್ಕೆ ಗೊತ್ತಿದ್ದದ್ದು ಒಲೆ, ಇಸ್ತ್ರಿಪೆಟ್ಟಿಗೆ. ಅತ್ತೆ ಬಾಗಿ, ಅದರ ಗಲ್ಲ ಹಿಡಿದು, "ಅಮ್ಮ ಬಿಸಿ ಪುಟ್ಟಾ. ಇಸ್ತ್ರಿಪೆಟ್ಟಿಗೆ ಥರ. ಮುಟ್ಟಬಾರದು, ಆಯ್ತಾ?" ಎಂದರು. ಗುಂಡಿ ಅಮ್ಮನನ್ನು ದಿಟ್ಟಿಸಿ ನೋಡಿ, ತನ್ನ ಕೈ ಬೆನ್ನ ಹಿಂದೆ ಮಡಚಿಕೊಂಡಳು. ಅಲ್ಲಿಗೆ ರಂಪ ನಿಂತಿತು. ಗೆರೆಯ ಈಚೆ ಕೂತು ಚೆಂಡು ಉರುಳಿಸುವುದು, ಆಚೆಯಿಂದ ಅಮ್ಮ ಕಾಲಿನಲ್ಲಿ ಒದೆಯುವುದು, ಹೀಗೆ ಆಟ ನಡೆಯಿತು.

ಮೂರು ವಾರ ಮುಗಿಯಿತು. ಆಸ್ಪತ್ರೆಗೆ ಫೋನ್ ಮಾಡಿದರೆ, ಇನ್ನು ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ ಎಂದರು. ಅತ್ತೆ ಒದ್ದೆ ಬಟ್ಟೆ ಹಿಂಡಿಕೊಂಡು ಗೆರೆ ಒರೆಸಲು ಬಂದದ್ದೂ ನಿಜ. ಅದೇ ಹೊತ್ತಿಗೆ ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ನಿವೃತ್ತ ಪೋಸ್ಟ್‌ಮಾಸ್ಟರು ಬಂದರು. ಅವರಿಗೆ ಎಲ್ಲ ವಿಷಯವೂ ಅರ್ಧರ್ಧ ಗೊತ್ತು.

"ಮೂರೇ ವಾರವಾ?" ಎಂದರು ಅವರು, ಹೊಟ್ಟೆ ಎಳೆದುಕೊಂಡು ಟೇಪಿಗೆ ನಿಂತು. "ಬಾಂಬ್ ಬಿದ್ದ ಜಾಗದಲ್ಲಿ ವರ್ಷಾನುಗಟ್ಟಲೆ ಇರುತ್ತಂತಲ್ಲಮ್ಮ ಈ ವಿಕಿರಣ. ಹುಲ್ಲೂ ಹುಟ್ಟಲ್ಲವಂತೆ. ನಾನು ಮೊಬೈಲ್ ಕೂಡ ದಿಂಬಿನ ಹತ್ರ ಇಡಲ್ಲ."

"ಹೊಟ್ಟೆ ಬಿಡಿ ಸಾರ್, ಅಳತೆ ಸುಳ್ಳಾಗುತ್ತೆ" ಎಂದ ಮಗ.

ಪೋಸ್ಟ್‌ಮಾಸ್ಟರು ಹೋದರು. ಅತ್ತೆಯ ಕೈಯಲ್ಲಿದ್ದ ಒದ್ದೆ ಬಟ್ಟೆ ಒಣಗಿತು. "ಇನ್ನೊಂದು ವಾರ ಇರಲಿ. ಇಷ್ಟು ದಿನ ಇದ್ದವಳಿಗೆ ಒಂದು ವಾರ ಏನು ಮಹಾ" ಎಂದರು. ಆ ವಾರ ಕಳೆದ ಮೇಲೆ ಇನ್ನೊಂದು. ಓಡಾಟದಲ್ಲಿ ಗೆರೆ ಮಾಸಿದಾಗಲೆಲ್ಲ ಮತ್ತೆ ಎಳೆದರು. ಸೊಸೆ ಮೊದಮೊದಲು ಸುಮ್ಮನಿದ್ದಳು. ಮಗುವಿನ ವಿಷಯ, ಹಟ ಮಾಡಿ ನಾಳೆ ಏನಾದರೂ ಆದರೆ? ಆ ಒಂದು ಅನುಮಾನ ಅವಳ ಬಾಯಿ ಕಟ್ಟಿತ್ತು.

ಈ ನಡುವೆ ಅವಳ ಕೈ ನಡುಕ ನಿಂತಿತು. ಒಂದು ಬೆಳಿಗ್ಗೆ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಯ ಕಣ್ಣಿಗೆ ತೋರಿಸಿದರೆ ಒಂದೇ ಸಲಕ್ಕೆ ಹೋಯಿತು. ಖುಷಿಯಲ್ಲಿ ಅವಳು ಸೂಜಿಯನ್ನು ಬದಿಗಿಟ್ಟು, ಎದ್ದು, ಗೆರೆ ದಾಟಿ, ಮುಂದಿನ ಕೋಣೆಯಲ್ಲಿ ಚೂರುಗಳ ನಡುವೆ ಆಡುತ್ತಿದ್ದ ಮಗಳ ಮುಂದೆ ಮಂಡಿಯೂರಿ ಕೈ ಚಾಚಿದಳು. "ಬಾರೇ ಗುಂಡಿ."

ಗುಂಡಿ ಎದ್ದು ನಿಂತಳು. ಕೈ ಬೆನ್ನ ಹಿಂದೆ ಹೋಯಿತು. ಒಂದು ಹೆಜ್ಜೆ ಹಿಂದಕ್ಕೆ, ಇನ್ನೊಂದು ಹೆಜ್ಜೆ. "ಅಮ್ಮ ಬಿಸಿ" ಎಂದಳು, ಅಳದೆ, ಬುದ್ಧಿ ಹೇಳುವವಳ ಹಾಗೆ. ಆಮೇಲೆ ಸೀಮೆಸುಣ್ಣದ ತುಂಡು ಹುಡುಕಿ ತಂದು ತನಗೂ ಅಮ್ಮನಿಗೂ ನಡುವೆ ಸೊಟ್ಟಗೆ ಒಂದು ಗೆರೆ ಎಳೆದಳು. ಎಳೆದು, ಸರಿಯಾಗಿದೆಯೇ ಎಂದು ಅಜ್ಜಿಯ ಕಡೆ ನೋಡಿದಳು.

ಅತ್ತೆಯ ಕತ್ತರಿ ಬಟ್ಟೆಯ ಮಧ್ಯದಲ್ಲಿ ನಿಂತಿತ್ತು.

ಸೊಸೆ ಎದ್ದು ಸೆಟೆದ ಮಂಡಿ ನೀವಿಕೊಂಡಳು. "ಅತ್ತೆ, ಸೋಮವಾರ ಆಸ್ಪತ್ರೇಲಿ ತೋರಿಸ್ಕೋಬೇಕು. ನೀವೂ ಬನ್ನಿ. ಏನು ಕೇಳಬೇಕೋ ಅವರನ್ನೇ ಕೇಳಿ. ಅವರು ಇನ್ನೂ ದೂರ ಇರು ಅಂದ್ರೆ ಇರ್ತೀನಿ. ಬೇಡ ಅಂದ್ರೆ ಈ ಗೆರೆ ನೀವೇ ಅಳಿಸಬೇಕು, ಇವಳ ತಲೇಲಿರೋದನ್ನೂ ಸೇರಿಸಿ."

ಮಾತ್ರೆ ನುಂಗಿ ಆಗಲೇ ಮೂರು ತಿಂಗಳ ಹತ್ತಿರವಾಗಿತ್ತು. ಡಾಕ್ಟರು ರಕ್ತದ ವರದಿ ನೋಡಿ ಚೆನ್ನಾಗಿದೆ ಎಂದರು. ಅತ್ತೆಗೆ ಅಷ್ಟು ಸಾಲದು. "ಬಾಯಲ್ಲಿ ಹೇಳಿದ್ರೆ ನನಗೆ ಆಗಲ್ಲಪ್ಪ. ಅಳೆದು ತೋರಿಸಿ." ಡಾಕ್ಟರು ನಕ್ಕು ಕೆಳಗಿನ ಮಹಡಿಗೆ, ಮೀಟರಿನವರ ಹತ್ತಿರ ಕಳಿಸಿದರು. ಮೀಟರಿನವರು ಎಂದರೆ ವಿಕಿರಣ ಅಳೆಯುವ ಅಧಿಕಾರಿ. ನರೆತ ಮೀಸೆ, ನಿಧಾನದ ಮಾತು. ಇಂಥ ಅತ್ತೆಯಂದಿರನ್ನು ಬಹಳ ಜನರನ್ನು ನೋಡಿದವರಂತೆ ಇದ್ದರು.

ಅವರು ಮೀಟರನ್ನು ಸೊಸೆಯ ಕುತ್ತಿಗೆಯ ಹತ್ತಿರ ಹಿಡಿದರು. ಟಿಕ್. ಸ್ವಲ್ಪ ಬಿಟ್ಟು, ಟಿಕ್ ಟಿಕ್. ಆಮೇಲೆ ಒಂದು ಟಿಕ್.

"ಇದೆ, ಇದೆ" ಎಂದರು ಅತ್ತೆ ಗಾಬರಿಯಿಂದ.

"ಇರಿ ಅಮ್ಮಾ." ಮೀಟರು ಅತ್ತೆಯ ಕುತ್ತಿಗೆಗೆ ಬಂತು. ಟಿಕ್. ಟಿಕ್ ಟಿಕ್. ಅಷ್ಟೇ ಸದ್ದು. ಗೋಡೆಗೆ ಹಿಡಿದರು, ಮೇಜಿಗೆ ಹಿಡಿದರು, ತಮ್ಮ ಎದೆಗೇ ಹಿಡಿದುಕೊಂಡರು. ಎಲ್ಲ ಕಡೆಯೂ ಹಾಗೆಯೇ.

"ನನಗ್ಯಾರು ಮಾತ್ರೆ ಕೊಟ್ರು?"

"ಯಾರೂ ಕೊಟ್ಟಿಲ್ಲ. ಮಣ್ಣಲ್ಲಿದೆ, ಕಲ್ಲಲ್ಲಿದೆ, ಆಕಾಶದಿಂದ ಬರುತ್ತೆ, ತಿನ್ನೋದ್ರಲ್ಲೂ ಚೂರು ಇರುತ್ತೆ. ನಾವೆಲ್ಲ ಹುಟ್ಟಿದಾಗಿಂದ ಇದರಲ್ಲೇ ಇದ್ದೀವಿ. ಇದೆಯೋ ಇಲ್ವೋ ಅನ್ನೋದು ಪ್ರಶ್ನೆಯಲ್ಲಮ್ಮ. ಎಷ್ಟಿದೆ, ಎಷ್ಟು ಹೊತ್ತು, ಎಷ್ಟು ಹತ್ತಿರ. ಮಾತ್ರೆ ನುಂಗಿದ ದಿನ ಇದನ್ನ ಹಿಡಿದಿದ್ರೆ ತಗಡಿನ ಮೇಲೆ ಮಳೆ ಸುರಿದ ಹಾಗೆ ಸದ್ದು ಬರ್ತಿತ್ತು. ಆವತ್ತು ನೀವು ಮಗೂನ ದೂರ ಇಟ್ರಲ್ಲ, ಅದು ಸರಿ."

"ಬಾಂಬ್ ಬಿದ್ದಲ್ಲಿ ವರ್ಷಗಟ್ಟಲೆ ಇರುತ್ತಂತೆ. ಪೋಸ್ಟ್‌ಮಾಸ್ಟರು ಹೇಳಿದ್ರು."

"ಅದು ಬೇರೆ ಪದಾರ್ಥ. ಎಲ್ಲದಕ್ಕೂ ಒಂದೇ ಆಯಸ್ಸಿರಲ್ಲ. ಈ ಅಯೋಡಿನ್ ಎಂಟು ದಿನಕ್ಕೆ ಅರ್ಧ ಆಗುತ್ತೆ. ಇನ್ನೆಂಟು ದಿನಕ್ಕೆ ಆ ಅರ್ಧದಲ್ಲಿ ಅರ್ಧ. ಇದಲ್ದೆ ಮೈಯಿಂದ ಹೊರಗೂ ಹೋಗ್ತಾ ಇರುತ್ತೆ."

ಅತ್ತೆ ಚೀಲದಿಂದ ಕರ್ಚೀಫು ತೆಗೆದರು. ಮೊಣಕಾಲ ಮೇಲೆ ಹರವಿ ಅರ್ಧಕ್ಕೆ ಮಡಚಿದರು. ಮತ್ತೆ ಅರ್ಧ. ಮತ್ತೆ. ಮಡಚುತ್ತ ಮಡಚುತ್ತ ಅದು ದಪ್ಪನೆಯ ಗುಂಡಿಯಷ್ಟಾಯಿತು, ಇನ್ನು ಬಗ್ಗಲಿಲ್ಲ.

"ಇಷ್ಟಾಯ್ತಾ?"

"ಇದಕ್ಕಿಂತ ಇನ್ನೂ ನಾಲ್ಕೈದು ಮಡಿಕೆ ಜಾಸ್ತಿಯೇ ಆಗಿದೆ."

ಅತ್ತೆ ಆ ಗಂಟನ್ನು ಬೆರಳಲ್ಲಿ ಒತ್ತಿ ನೋಡಿ ಚೀಲಕ್ಕೆ ಹಾಕಿಕೊಂಡರು. ಸೊಸೆ ಉಸಿರು ಬಿಟ್ಟಳು. ಎಲ್ಲ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮೀಟರಿನವರು ಮೀಟರನ್ನು ಆರಿಸದೆಯೇ ಅತ್ತೆ ಕೂತಿದ್ದ ಕಲ್ಲುಬೆಂಚಿನ ಮೇಲಿಟ್ಟರು. ಟಿಕ್ ಟಿಕ್ ಟಿಕ್, ಟಿಕ್ ಟಿಕ್. ಸದ್ದು ಸ್ವಲ್ಪ ಚುರುಕಾಯಿತು.

"ಅದ್ಯಾಕೆ?"

"ಗ್ರಾನೈಟ್ ಅಲ್ವಾ, ಒಂಚೂರು ಜಾಸ್ತಿ ಇರುತ್ತೆ."

ಅತ್ತೆ ಬೆಂಚಿನಿಂದ ಎದ್ದೇಬಿಟ್ಟರು. ಕೆಂಪು ಚುಕ್ಕೆಯ ಗ್ರಾನೈಟ್. ಅವರ ಅಡುಗೆಮನೆಯ ಕಟ್ಟೆಯೂ ಅದೇ. ತಾವೇ ಹತ್ತು ಅಂಗಡಿ ಅಲೆದು ಆರಿಸಿ ತಂದದ್ದು.

"ನಿಶ್ಚಿಂತೆಯಿಂದ ಅಡುಗೆ ಮಾಡಿ ಅಮ್ಮಾ. ಅದು ಲೆಕ್ಕಕ್ಕೆ ಬರೋವಷ್ಟಿಲ್ಲ. ಮನೇಲಿ ಸಿಗರೇಟು ಸೇದೋರಿದ್ರೆ ಮೊದಲು ಅದನ್ನ ಬಿಡಿಸಿ. ಆರೋಗ್ಯಕ್ಕೆ ಅದೇ ದೊಡ್ಡ ಕಂಟಕ."

"ಪೋಸ್ಟ್‌ಮಾಸ್ಟರು ಸೇದ್ತಾರೆ. ಹೇಳ್ತೀನಿ" ಎಂದರು ಅತ್ತೆ, ಬೆಂಚಿನಿಂದ ಕಣ್ಣು ತೆಗೆಯದೆ.

ಮನೆಗೆ ಬಂದವರು ಮಾತಿನಂತೆ ನಡೆದುಕೊಂಡರು. ಹಿಂದಿನ ಕೋಣೆಯ ಗೆರೆಯನ್ನು ಮೂರು ನೀರು ಹಾಕಿ ಒರೆಸಿದರು. "ಅಮ್ಮ ಈಗ ಬಿಸಿ ಇಲ್ಲ ಪುಟ್ಟಾ, ಹೋಗು" ಎಂದು ಗುಂಡಿಯ ಬೆನ್ನು ತಟ್ಟಿದರು. ಗುಂಡಿ ಒದ್ದೆ ನೆಲ ನೋಡಿದಳು, ಅಜ್ಜಿಯ ಮುಖ ನೋಡಿದಳು, ಹೋಗಲಿಲ್ಲ. ಅತ್ತೆ ಅಡುಗೆಮನೆಗೆ ಹೋದರು. ಮಗ ನೀರು ಕುಡಿಯಲು ಹೋದವನು ಬಾಗಿಲಲ್ಲೇ ನಿಂತ. ಕಟ್ಟೆಯ ಮುಂದೆ ನೆಲದ ಮೇಲೆ ನೇರವಾದ, ಹೊಸ, ಬಿಳಿ ಗೆರೆ.

"ಅಮ್ಮಾ, ಇದೇನಿದು?"

"ಆ ಕಲ್ಲು ನಿನ್ನ ಹೆಂಡತಿಗಿಂತ ಜಾಸ್ತಿ ಟಿಕ್ ಅನ್ನುತ್ತೆ ಕಣೋ. ನನ್ನ ಕಿವಿಯಾರೆ ಕೇಳಿದೀನಿ."

"ಅವರು ಏನೂ ಆಗಲ್ಲ ಅಂದ್ರಂತಲ್ಲ."

"ಅಂದ್ರು. ತಿಳೀತು. ತಿಳಿದ್ರೂ ಕೈ ಮುಂದೆ ಹೋಗ್ತಿಲ್ಲ."

ಆ ಮಧ್ಯಾಹ್ನ ಹೋಟೆಲಿನಿಂದ ಊಟ ಬಂತು. ಸಂಜೆಯಾಯಿತು. ಅತ್ತೆ ಊಟ ಬಿಟ್ಟರೂ ಇರುತ್ತಾರೆ, ಸಂಜೆಯ ಚಹಾ ಬಿಟ್ಟು ಇದ್ದವರಲ್ಲ. ಒಲೆ ಇರುವುದು ಕಟ್ಟೆಯ ಮೇಲೆ. ಗೆರೆಯ ಈಚೆ ನಿಂತು, ಬಟ್ಟೆ ಅಳೆಯುವ ಮರದ ಕೋಲು ತಂದು, ಅದರ ತುದಿಯಿಂದ ಚಹಾದ ಪಾತ್ರೆಯನ್ನು ಒಲೆಯ ಕಡೆಗೆ ತಳ್ಳಿ ನೋಡಿದರು. ಪಾತ್ರೆ ಒಲೆಗೆ ಹತ್ತದೆ ಸಿಂಕಿಗೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಮಗ ಬಾಯಿಗೆ ಟೇಪು ಒತ್ತಿಕೊಂಡು ನಕ್ಕ. ಸದ್ದು ಕೇಳಿ ಓಡಿಬಂದ ಗುಂಡಿ ಅಪ್ಪನ ಕಾಲ ಸಂದಿಯಿಂದ ಇಣುಕಿದಳು.

"ನಗು, ನಗು. ನಿಮ್ಮಪ್ಪನೂ ಹೀಗೇ ನಗ್ತಿದ್ರು" ಎಂದು ಅತ್ತೆ ಕೋಲು ಗೋಡೆಗೆ ಒರಗಿಸಿದರು. ಒಂದು ಗಳಿಗೆ ಗೆರೆಯನ್ನು ನೋಡಿದರು. "ಮೂರು ತಿಂಗಳು ಆ ಹುಡುಗೀನ ಕೂರಿಸಿದ್ದೆ. ನನಗೆ ಒಂದು ಸಂಜೆ ಕೂರೋಕಾಗ್ತಿಲ್ಲ" ಎಂದರು, ಯಾರಿಗೂ ಅಲ್ಲದೆ. ಕಾಲೆತ್ತಿ ದಾಟಿದರು.

"ಅಜ್ಜಿ, ಬಿಸಿ" ಎಂದು ಕೂಗಿದಳು ಗುಂಡಿ.

ಅತ್ತೆ ತಿರುಗಿದರು. ಅಂಗೈಯನ್ನು ಬಿಡಿಸಿ ಕಲ್ಲಿನ ಮೇಲೆ ಪೂರ್ತಿ ಊರಿದರು. ಹಾಗೇ ಇಟ್ಟುಕೊಂಡು ನಿಂತರು. "ಬಿಸಿ ಇಲ್ಲ ಪುಟ್ಟಾ. ಅಜ್ಜಿ ತಪ್ಪು ತಿಳ್ಕೊಂಡಿದ್ದೆ. ಬಾ, ನೀನೇ ನೋಡು."

ಗುಂಡಿ ಗೆರೆಯವರೆಗೆ ಬಂದಳು. ಅಜ್ಜಿಯ ಪಾದ ಎಲ್ಲಿದೆ ನೋಡಿ, ಅದರ ಪಕ್ಕಕ್ಕೆ ತನ್ನ ಪಾದ ಇಟ್ಟಳು. ಅತ್ತೆ ಎತ್ತಿಕೊಂಡರು. ಮಗು ಒಂದು ಬೆರಳು ತಾಗಿಸಿತು, ಆಮೇಲೆ ಕೈಯೆಲ್ಲ. "ತಣ್ಣಗಿದೆ" ಎಂದಿತು, ಮೋಸ ಹೋದವರ ದನಿಯಲ್ಲಿ. ಇಳಿಸು ಎಂದು ಒದ್ದಾಡಿ ಇಳಿದು ಹೋಯಿತು.

ಹಿಂದಿನ ಕೋಣೆಯಲ್ಲಿ ಸೊಸೆ ಗಿರಾಕಿಯ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಮಗಳು ಬಾಗಿಲಲ್ಲಿ ಕಂಡಾಗ ಕರೆಯಲಿಲ್ಲ, ಕೈ ಚಾಚಲಿಲ್ಲ. ಸೂಜಿಯನ್ನು ಮಾತ್ರ ಬಟ್ಟೆಗೆ ಚುಚ್ಚಿ ದೂರವಿಟ್ಟಳು. ಮಗು ಗೋಡೆ ಹಿಡಿದು ಹಿಡಿದು ಕುರ್ಚಿಯವರೆಗೆ ಬಂತು. ಒಂದು ಬೆರಳಿನಿಂದ ಅವಳ ಕಾಲಿನ ಹೆಬ್ಬೆರಳು ಮುಟ್ಟಿ ಸರಕ್ಕನೆ ಕೈ ಎಳೆದುಕೊಂಡಿತು. ಬೆರಳನ್ನು ನೋಡಿಕೊಂಡಿತು. ಮತ್ತೆ ಮುಟ್ಟಿತು. ಮೊಣಕಾಲು, ಮೊಣಕೈ. ಕೊನೆಗೆ, ಮೊದಲೆಲ್ಲ ಹತ್ತುತ್ತಿದ್ದ ಹಾಗೆಯೇ ಕುರ್ಚಿಯ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಮಡಿಲಿಗೆ ಹತ್ತಿ ಕೂತು, "ದಾರ ಹಾಕು" ಎಂದಿತು.

ಚಹಾ ಕುದಿಯಿತು. "ಚಹಾ ಆಯ್ತು, ಬಾರೇ" ಎಂದು ಅತ್ತೆ ಕರೆದರು. ಇನ್ನೊಮ್ಮೆ ಕರೆದರು.

"ಏಳೋಕಾಗಲ್ಲ ಅತ್ತೆ" ಎಂದಳು ಸೊಸೆ. "ಮೇಲೆ ಕೂತಿದ್ದಾಳೆ."

ಅತ್ತೆ ಎರಡು ಲೋಟ ಹಿಡಿದುಕೊಂಡು ತಾವೇ ಬಂದರು. ಒರೆಸಿದ ಜಾಗದಲ್ಲಿ ಗುರುತೂ ಉಳಿದಿರಲಿಲ್ಲ. ಆದರೂ ಅಲ್ಲಿಗೆ ಬಂದಾಗ ಅವರ ಕಾಲು ಅಭ್ಯಾಸಬಲದಿಂದ ತಾನಾಗಿ ಒಂದಿಷ್ಟು ಮೇಲೆದ್ದು, ಇಲ್ಲದ ಗೆರೆಯನ್ನು ದಾಟಿ, ಆಚೆ ಇಳಿಯಿತು.