ಸರಪಳಿ ಕಚ್ಚಿದ ಗಿಳಿ

ಬಳಗಾನೂರಿನ ಸಕೀನಾಬೀಗೆ ಮೊಬೈಲ್ ಆಟವೆಂದರೆ ಆಗದು. ಎಷ್ಟು ಕರೆದರೂ ಓಗೊಡದೆ ಫೋನನ್ನೇ ನೋಡುತ್ತ ಕೂರುವ ಮಕ್ಕಳು ಈಗ ಯಾವ ಮನೆಯಲ್ಲಿಲ್ಲ? ಆದರೆ ಅಂದು ಮಧ್ಯಾಹ್ನ ಪಕ್ಕದ ಮನೆಯ ನಗ್ಮಾ ಓಡೋಡಿ ಬಂದು ಫೋನನ್ನು ಮುಖದ ಮುಂದೆ ಹಿಡಿದಾಗ ಬೇಡ ಎನ್ನಲು ಆಕೆಗೆ ಬಾಯಿ ಬರಲಿಲ್ಲ. ನಗ್ಮಾ ಸಿಂಧನೂರಿನಲ್ಲಿ ಕಂಪ್ಯೂಟರ್ ಕಲಿತವಳು. ಗೆಳತಿ ಅಮರೇಶ್ವರಿಯ ಜೊತೆ ಆರು ತಿಂಗಳು ದುಡಿದು ತಾನೇ ಒಂದು ಆಟ ತಯಾರಿಸಿದ್ದಳು.

“ಖಾಲಾ, ನೋಡ್ರಿ! ಸಂಜೀಗೆ ಜಗತ್ತಿಗೆಲ್ಲಾ ಬಿಡಾಕತ್ತೀವಿ!”

ತೆರೆಯ ಮೇಲೆ ಭತ್ತದ ಗದ್ದೆ. ಅದರ ಮೇಲೆ ಒಂದು ನೀಲಿ ಗಿಳಿ ರೆಕ್ಕೆ ಬಡಿದು ಹಾರಿತು, ಕಾಲುವೆ ದಾಟಿತು. ನಗುತ್ತಿದ್ದ ಸಕೀನಾಬೀ ತಟ್ಟನೆ ಫೋನನ್ನು ಕಸಿದುಕೊಂಡಳು. ಗಿಳಿಯ ಕೊಕ್ಕಿನಲ್ಲಿ ಮೂರು ಕೊಂಡಿಯ ಸರಪಳಿ ಜೋತಾಡುತ್ತಿತ್ತು.

“ಯಾ ಅಲ್ಲಾ! ಇದು ನಮ್ಮವರ ಗಿಳಿ! ನಮ್ಮವರ ಗಿಳಿ ಹಾರಾಕತ್ತೈತಿ!”

ಆಕೆಯ ಗಂಡ ಶಾವಲಿ ಪೇಂಟರ್. ತುರ್ವಿಹಾಳದಿಂದ ಮಸ್ಕಿಯವರೆಗೆ ಟ್ರ್ಯಾಕ್ಟರ್ ಟ್ರಾಲಿಗಳಿಗೆ ಹೂವು, ಹಕ್ಕಿ ಬರೆಯುತ್ತಿದ್ದ. ಕಳೆದ ರಂಜಾನಿಗೆ ಮುಂಚೆ ದೇವರು ಅವನನ್ನು ಕರೆದುಕೊಂಡ. ಅಂದಿನಿಂದ ಆಕೆ ಅವನ ಬಣ್ಣದ ಡಬ್ಬಿಗಳನ್ನು ಮುಟ್ಟಿರಲಿಲ್ಲ.

“ಇಲ್ಲಿ ಅವರ ಹೆಸರು ಎಲ್ಲೈತಿ ಬೇಟಿ?”

ನಗ್ಮಾ ತಡವರಿಸಿದಳು. “ಇದು ಅವರು ಬರದದ್ದು ಅಂತ ಗೊತ್ತಿರಲಿಲ್ಲ ಖಾಲಾ. ಫೋಟೋ ನೆಟ್‌ನಾಗ ಬಿದ್ದಿತ್ತು, ತಗೊಂಡೆ.”

“ಹಂಗಾದ್ರ ನನ್ನ ಕೋಳಿ ನಿಮ್ಮ ಅಂಗಳದಾಗ ಓಡ್ಯಾಡಿದ್ರ ನಿಮ್ಮದಾಗ್ತದೇನು?”

“ನಾ ಬಣ್ಣ ಬದಲಿ ಮಾಡೀನಲ್ರೀ. ಹಸಿರು ಇತ್ತು, ನೀಲಿ ಮಾಡೀನಿ.”

“ಕೋಳಿಗೂ ನೀಲಿ ಬಳಿದು ಒಯ್ದುಬಿಡು!”

ನಗ್ಮಾಳ ಹಿಂದೆಯೇ ಬಂದು ನಿಂತಿದ್ದ ಅಮರೇಶ್ವರಿ ಕಿಸಕ್ಕನೆ ನಕ್ಕಳು. ಮರುಗಳಿಗೆ ಮುಖ ಗಂಭೀರವಾಯಿತು. “ಚಿತ್ರ ಯಾರದು ಅಂತ ನಾ ಕೇಳಿದ್ರ, ನಾನೇ ಬರದೀನಿ ಅಂದಿದ್ದಿಯಲ್ಲಬೇ?”

“ಗೆರಿ ಎಳದಾಕಿ ನಾನೇ ಅಲ್ಲೇನು?”

“ಮಂದಿ ಬರೆದ ಗೆರಿ ಮ್ಯಾಲೆ ತಿದ್ದೀಯಲ್ಲ. ಅದು ಬರೆದಂಗ ಆಗೂದಿಲ್ಲ. ಹೋಗ್ಲಿ, ಆ ಸರಪಳಿ ಯಾಕ ಬರದಿ ಹೇಳು.”

“ಏನೋ ಆಭರಣ ಅನ್ಕೊಂಡೆ.”

ಸಕೀನಾಬೀ ಚಪ್ಪಲಿ ಮೆಟ್ಟಿಯೇಬಿಟ್ಟಳು. “ಬರ್ರಿ ನನ್ನ ಹಿಂದ!”

ಅದೇ ಓಣಿಯ ರೈತ ಕನಕರಾಯನ ಅಂಗಳದಲ್ಲಿ ಹಳೆಯ ಟ್ರಾಲಿ ನಿಂತಿತ್ತು. ಅದರ ಹಿಂಬಾಗಿಲ ಮೇಲೆ ಹಸಿರು ಗಿಳಿ. ಬಾಗಿಲು ಬಿಗಿಯುವ ಕಬ್ಬಿಣದ ಸರಪಳಿ ಸರಿಯಾಗಿ ಕೊಕ್ಕಿನ ಜಾಗದಲ್ಲೇ ಇಳಿಬಿದ್ದಿತ್ತು.

“ಸರಪಳಿ ಅಡ್ಡ ಬರ್ತದ, ಅದನ್ನೂ ಗಿಳಿ ಬಾಯಾಗ ಕೊಟ್ಟುಬಿಡ್ತೀನಿ ಅಂತ ನಕ್ಕೋತ ಬರದಿದ್ರು,” ಎಂದಳು ಸಕೀನಾಬೀ. ಬಾಲದ ಕೆಳಗಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅಲ್ಲಿ ಸಣ್ಣ ಅಕ್ಷರಗಳಿದ್ದವು: ಶಾವಲಿ, ಬಳಗಾನೂರು. ನೆಟ್‌ಗೆ ಫೋಟೋ ಹಾಕಿದವರು ಅಷ್ಟನ್ನು ಕತ್ತರಿಸಿಬಿಟ್ಟಿದ್ದರು.

ನಗ್ಮಾಳ ಕಣ್ಣು ತುಂಬಿ ಬಂತು. “ಇನ್ನೇನ ಮಾಡ್ಲಿ ಅಮರಿ? ಸಂಜೀಗೆ ಬಿಡ್ತೀವಿ ಅಂತ ಎಲ್ಲಾರಿಗೂ ಹೇಳೀನಿ.”

“ಹಿಂಗ ಬಿಟ್ರ ಅದು ಕಳವು. ಗೊತ್ತಾದ ಮ್ಯಾಲೆ ಆ್ಯಪ್ ಅಂಗಡಿಯವರು ಆಟನೇ ತಗದು ಹಾಕ್ತಾರ. ಬರೆದವರು ತೀರಿಕೊಂಡ್ರೂ ಅರವತ್ತು ವರ್ಷದ ತನಕ ಹಕ್ಕು ಅವರ ವಾರಸುದಾರರದು. ಖಾಲಾನ್ನ ಕೇಳು. ಕೊಟ್ರ ಕಾಗದದ ಮ್ಯಾಲೆ ಬರಕೋ. ಬ್ಯಾಡ ಅಂದ್ರ ನಿನ್ನದೇ ಗಿಳಿ ಬರಿ.”

ನಗ್ಮಾ ಸಕೀನಾಬೀಯ ಕೈ ಹಿಡಿದಳು. “ತಪ್ಪಾತು ಖಾಲಾ. ಮೊದಲೇ ಕೇಳಬೇಕಿತ್ತು. ಈಗ ಕೇಳಾಕತ್ತೀನಿ, ಕೊಡ್ತೀರೇನು?”

ಸಕೀನಾಬೀ ಸರಪಳಿಯನ್ನು ಗಿಳಿಯ ಕೊಕ್ಕಿನಿಂದ ಬದಿಗೆ ಸರಿಸಿದಳು.

“ಕೊಡ್ತೀನಿ. ಅವರ ಹೆಸರು ಮೊದಲು ಬರಬೇಕು. ಬಣ್ಣ ಹಸಿರೇ ಇರಬೇಕು. ಮತ್ತ ಆ ಸರಪಳಿ ತಗದುಬಿಡು ಬೇಟಿ. ಟ್ರಾಲಿ ಬಾಗಲಾ ಹಾಕಾಕ ಅದು ಬೇಕಿತ್ತು. ಮುಗಿಲಾಗ ಹಾರೂ ಹಕ್ಕಿಗೆ ಯಾಕ ಬೇಕು?”

ಆ ಸಂಜೆ ಆಟ ಹೊರಬರಲಿಲ್ಲ. ನಗ್ಮಾ ಒಪ್ಪಿಗೆಯ ಕಾಗದ ಬರೆದಳು. ಆಟದಿಂದ ಬಂದದ್ದರಲ್ಲಿ ಸಕೀನಾಬೀಗೂ ಪಾಲು ಎಂದು ಅದರಲ್ಲಿ ಸೇರಿಸಿದಳು. ಮೂರು ದಿನ ಕೂತು ಗಿಳಿಯನ್ನು ಸರಿಪಡಿಸಿದಳು. ಸಕೀನಾಬೀ ಬಣ್ಣದ ಡಬ್ಬಿ ತೆರೆದು, ಇದೇ ಹಸಿರು ಎಂದು ತೋರಿಸಿದಳು.

ನಾಲ್ಕನೆಯ ದಿನ ಓಣಿಯೆಲ್ಲ ಒಂದು ಫೋನಿನ ಸುತ್ತ ಮುಗಿಬಿತ್ತು. ತೆರೆಯ ಮೇಲೆ ಮೊದಲು ಬಂದದ್ದು ಅಕ್ಷರ: ಗಿಳಿಯ ಚಿತ್ರ, ಶಾವಲಿ, ಬಳಗಾನೂರು. ಸಕೀನಾಬೀ ಆ ಹೆಸರನ್ನು ಬೆರಳಿನಿಂದ ಮೆಲ್ಲಗೆ ಸವರಿದಳು. ಬೆರಳು ತಾಗಿದ್ದೇ ತಡ, ಆಟ ಶುರುವಾಯಿತು. ಹಸಿರು ಗಿಳಿ ಬರಿಯ ಕೊಕ್ಕಿನಲ್ಲಿ ಪುರ್ರನೆ ಹಾರಿತು.

ಆಟ ತಯಾರಿಸುವ ತಮ್ಮಂದಿರೇ, ತಂಗಿಯರೇ, ನೆಟ್‌ನಲ್ಲಿ ಕಂಡ ಚಿತ್ರಕ್ಕೂ ಒಡೆಯರಿದ್ದಾರೆ. ಬಣ್ಣ ಬದಲಿಸಿದರೆ ಅದು ನಿಮ್ಮದಾಗದು. ಹುಡುಕಿ, ಕೇಳಿ, ಒಪ್ಪಿಗೆಯನ್ನು ಬರೆಸಿಕೊಳ್ಳಿ, ಹೆಸರು ಹಾಕಿ. ಚಿತ್ರ ಬರೆಯುವವರೇ, ಕೆಲಸ ಮುಗಿದ ದಿನವೇ ಹೆಸರು, ತಾರೀಖು ಕಾಣುವಂತೆ ಒಂದು ಫೋಟೋ ತೆಗೆದಿಡಿ. ಯಾರಾದರೂ ಕದ್ದರೆ ಆ ಫೋಟೋ ತೋರಿಸಿ, ಆಟ ಸಿಗುವ ಆ್ಯಪ್ ಅಂಗಡಿಗೆ ದೂರು ಬರೆಯಿರಿ. ಕೈ ಮಣ್ಣಾದ ಮೇಲೂ ಆ ಕೈ ಬರೆದದ್ದು ಉಳಿಯುತ್ತದೆ. ಅದರ ಜೊತೆ ಅವರ ಹೆಸರನ್ನೂ ಉಳಿಸಿ.