ರೆಕಾರ್ಡಿನ ಕವರಿನಲ್ಲಿ ಇಲ್ಲದವನು

ಚಿತ್ರಾ ಆಗಲೇ ಅರ್ಧ ಕಾರ್ ಪಾರ್ಕ್ ದಾಟಿದ್ದಳು. ಕುಟುಂಬದ ಗೆಳೆಯ ರಮೇಶ ಓಡುನಡಿಗೆಯಲ್ಲಿ ಹಿಂದೆ ಬಂದ.

"ಚಿತ್ರಕ್ಕ, ಬೇಡ ಬನ್ನಿ. ಇನ್ನು ಇಪ್ಪತ್ತು ನಿಮಿಷಕ್ಕೆ ನಮ್ಮ ಸ್ಲಾಟ್. ಅವನಿಗೆ ನಾನು ಹೇಳಿ ಕಳಿಸ್ತೀನಿ."

"ನಾನೇ ಹೇಳ್ಬೇಕು ರಮೇಶ. ಇವರು ಬದುಕಿದ್ದಾಗ ಒಂದು ಮಾತು ಕ್ಷಮಿಸು ಅನ್ನದೆ ಇದ್ದೋನು, ಈಗ ಬಂದು ನಿಂತಿದಾನೆ."

ಕ್ರೆಮಟೋರಿಯಮ್ಮಿನ ಗೇಟಿನ ಬಳಿ ಎತ್ತರದ ಕಪ್ಪು ಮನುಷ್ಯನೊಬ್ಬ ಜನವರಿಯ ಗಾಳಿಗೆ ಕೋಟಿನ ಕಾಲರ್ ಎತ್ತಿಕೊಂಡು ನಿಂತಿದ್ದ. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದರೂ ಚಿತ್ರಾಗೆ ಗುರುತು ಹತ್ತಿತ್ತು. ಮನೆಯ ಅಟ್ಟದಲ್ಲಿದ್ದ ಒಂದು ರೆಕಾರ್ಡಿನ ಕವರಿನ ಮೇಲೆ ಆ ಕಣ್ಣುಗಳನ್ನು ಅವಳು ನೋಡಿದ್ದಳು. ಡೆಲ್‌ರಾಯ್.

ಅವಳ ಗಂಡ ಪ್ರಹ್ಲಾದ ಒಳಗೆ ಮುಚ್ಚಿದ ಪೆಟ್ಟಿಗೆಯಲ್ಲಿದ್ದ. ಒಂಬತ್ತು ದಿನದ ಹಿಂದೆ ಐರ್ಲೆಂಡಿನ ಲೀಕ್ಸ್‌ಲಿಪ್ಪಿನ ಮನೆಯಿಂದ ಕೆಮ್ಮುತ್ತ ಆಂಬುಲೆನ್ಸ್ ಹತ್ತಿದವನನ್ನು ಆಮೇಲೆ ಅವಳು ಕಂಡದ್ದು ನರ್ಸ್ ಹಿಡಿದ ಐಪ್ಯಾಡಿನಲ್ಲಿ ಮಾತ್ರ. ಅಂತ್ಯಕ್ರಿಯೆಗೆ ಹತ್ತೇ ಜನ ಎಂಬ ಕೋವಿಡ್ ನಿಯಮ. ಹತ್ತನೆಯವನಾಗಬೇಕಿದ್ದ ಗೆಳೆಯ ಮಹಾದೇವ ನಿನ್ನೆ ಪಾಸಿಟಿವ್ ಬಂದು ಮನೆಯಲ್ಲೇ ಉಳಿದಿದ್ದ.

*

ಮದುವೆಯಾದ ಹೊಸದರಲ್ಲಿ ಪ್ರಹ್ಲಾದ ಆ ಕತೆಯನ್ನು ಒಂದೇ ಸಲ ಹೇಳಿದ್ದ.

ಅಪ್ಪ ಮೈಸೂರು ಬಿಟ್ಟು ಲಂಡನ್ನಿಗೆ ಹೋಗಿ ಬಸ್ ಕಂಡಕ್ಟರ್ ಆದಾಗ ಪ್ರಹ್ಲಾದನಿಗೆ ಎಂಟು ವರ್ಷ, ತಮ್ಮ ಶ್ರೀರಾಮನಿಗೆ ಐದು. ಅಲ್ಲಿ ಎದುರು ಮನೆಯ ಹುಡುಗ ಡೆಲ್‌ರಾಯ್; ಅವನ ಬಾಯಲ್ಲಿ ಪ್ರಹ್ಲಾದ ಪ್ರಾಲ್ ಆದ, ಶ್ರೀರಾಮ ಶ್ರೀ ಆದ. ಎಂಬತ್ತಮೂರರಲ್ಲಿ, ಅಮೆರಿಕದ ರ‍್ಯಾಪ್ ಎಂಬ ಆ ಹೊಸ ಹಾಡುಮಾತು ಇನ್ನೂ ಕ್ಯಾಸೆಟ್ಟುಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಕಾಲದಲ್ಲಿ, ಇಬ್ಬರೂ ಸೇರಿ ತಂಡ ಕಟ್ಟಿದರು. ಅಪ್ಪನ ಬಸ್ಸಿನ ನಂಬರನ್ನೇ ಇಟ್ಟರು: ನೈನ್ಟಿಟೂ ಕ್ರೂ. ಡೆಲ್‌ರಾಯ್ ಹಾಡುತ್ತಿದ್ದ. ಪ್ರಹ್ಲಾದ ಎರಡು ಹಳೆಯ ಟರ್ನ್‌ಟೇಬಲ್ಲುಗಳ ಮೇಲೆ ರೆಕಾರ್ಡ್ ತಟ್ಟೆಗಳನ್ನು ಹಿಂದೆ ಮುಂದೆ ಉಜ್ಜಿ ತಾಳ ಹುಟ್ಟಿಸುತ್ತಿದ್ದ.

"ಮನೇಲಿ ತಟ್ಟೆ ಉಜ್ಜೋ ಅಂದ್ರೆ ಉಜ್ಜಲ್ಲ, ಊರವರ ಮುಂದೆ ಹೋಗಿ ಉಜ್ತಾನೆ," ಎಂದು ಅಪ್ಪ ರೇಗುತ್ತಿದ್ದರಂತೆ.

ಶಾಲೆಯ ಹಾಲ್‌ಗಳು, ಯೂತ್ ಕ್ಲಬ್ಬುಗಳು, ಮಾರ್ಕೆಟ್ಟಿನ ಕಲ್ಲುಹಾಸು. ಮೊದಲ ರೆಕಾರ್ಡ್ ಒಂದು ಸಾವಿರ ಪ್ರತಿ. ಅದರೊಳಗೆ ಊರಿನ ಕ್ಯಾಸೆಟ್ಟಿನಿಂದ ಎತ್ತಿಕೊಂಡ ಎಂಟು ಸೆಕೆಂಡಿನ ತಮಟೆ. ಜನ ಕುಣಿಯುತ್ತಿದ್ದದ್ದು ಆ ತಮಟೆಗೆ. ಕಾರ್ಯಕ್ರಮಗಳನ್ನು ಗೊತ್ತುಮಾಡುವ ಕೆಲಸ ಶ್ರೀರಾಮನದು. ಎಂಬತ್ತಾರರಲ್ಲಿ ದೊಡ್ಡ ಕಂಪನಿಯೊಂದು ಕರೆಯಿತು. ಎರಡನೆಯ ರೆಕಾರ್ಡ್ ಬಂದಾಗ ಕವರಿನ ಮೇಲೆ ಡೆಲ್‌ರಾಯ್ ಇದ್ದ, ಅವನ ಪಕ್ಕದಲ್ಲಿ ಯಾರೋ ಅಮೆರಿಕದವನಿದ್ದ. ತಮಟೆ ಇತ್ತು. ಪ್ರಹ್ಲಾದ ಇರಲಿಲ್ಲ.

ಶ್ರೀರಾಮ ಮನೆಗೆ ಬಂದು ಅಳುತ್ತ ಹೇಳಿದ್ದ: "ಡೆಲ್‌ರಾಯ್ ನೀನು ಬೇಡ ಅಂದ್ಬಿಟ್ಟ ಅಣ್ಣ."

ಎರಡು ವರ್ಷಕ್ಕೆ ತಂಡವೂ ಮುಗಿಯಿತು. ಪ್ರಹ್ಲಾದ ಟರ್ನ್‌ಟೇಬಲ್ಲುಗಳನ್ನು ಮಾರಿ ಎಲೆಕ್ಟ್ರಾನಿಕ್ಸ್ ಓದಿದ, ಐರ್ಲೆಂಡಿಗೆ ಬಂದು ಆಸ್ಪತ್ರೆಗಳ ಸ್ಕ್ಯಾನಿಂಗ್ ಮಷಿನ್ನುಗಳ ಸರ್ವೀಸಿಗೆ ಸೇರಿದ. ಶ್ರೀರಾಮ ರೆಕಾರ್ಡ್ ಕಂಪನಿಯಲ್ಲೇ ಕೆಲಸಕ್ಕೆ ನಿಂತ. ಪ್ರತಿ ದೀಪಾವಳಿಗೂ ಅಣ್ಣನ ಮನೆಗೆ ಬರುತ್ತಿದ್ದ.

*

"ನಾನು ಒಳಗೆ ಬರಲ್ಲ," ಎಂದ ಡೆಲ್‌ರಾಯ್ ಇಂಗ್ಲಿಷಿನಲ್ಲಿ, ಚಿತ್ರಾ ಬಾಯಿ ತೆರೆಯುವ ಮೊದಲೇ. "ಹತ್ತು ಜನರ ರೂಲ್ ಗೊತ್ತು. ಪ್ರಾಲ್ ಇರೋ ಗಾಡಿ ನೋಡಿ ಹೋಗೋಣ ಅಂತ ಬೆಳಿಗ್ಗೆ ಐದಕ್ಕೆ ಸ್ಲೈಗೋ ಬಿಟ್ಟೆ."

"ಸ್ಲೈಗೋನಾ?"

"ಅಲ್ಲಿನ ಆಸ್ಪತ್ರೇಲಿ ಪೋರ್ಟರ್ ನಾನು. ಹನ್ನೆರಡು ವರ್ಷದ ಹಿಂದೆ ಸ್ಕ್ಯಾನಿಂಗ್ ರೂಮಿಗೆ ಒಬ್ಬ ಪೇಷಂಟನ್ನ ತಳ್ಕೊಂಡು ಹೋದೆ. ಮಷಿನ್ ಕೆಳಗಿಂದ ಪ್ರಾಲ್ ಎದ್ದು ಬಂದ." ಅವನು ಅವಳ ಮುಖ ನೋಡಿ ತಡೆದ. "ಅವನು ಹೇಳಿಲ್ವಾ?"

ಪ್ರಹ್ಲಾದ ಎರಡು ತಿಂಗಳಿಗೊಮ್ಮೆ ಸ್ಲೈಗೋಗೆ ಸರ್ವೀಸಿಗೆ ಹೋಗುತ್ತಿದ್ದ. ಬಂದ ರಾತ್ರಿ ಊಟ ಬೇಡ, ಅಲ್ಲೇ ಆಯ್ತು ಎನ್ನುತ್ತಿದ್ದ.

"ನೀವು ಅವರನ್ನ ತೆಗೆದು ಹಾಕಿದ್ರಿ," ಎಂದಳು ಚಿತ್ರಾ. ಹೇಳಬೇಕೆಂದು ಬಂದಿದ್ದ ಮಾತು ಅದು. ಈಗ ಅದಕ್ಕೆ ಮೊದಲಿನ ಬಲವಿರಲಿಲ್ಲ.

"ಅಪ್ಪನ ಮಾತಿಗೆ ಕಟ್ಟುಬಿದ್ದು ಅಣ್ಣ ಬಿಟ್ಟು ಹೋದ, ನಿನ್ನ ಮುಖ ನೋಡಲ್ವಂತೆ ಅಂತ ಶ್ರೀ ನನಗೆ ಹೇಳಿದ್ದ. ಇಪ್ಪತ್ತೆರಡು ವರ್ಷ ನಾನೂ ಅದನ್ನೇ ನಂಬಿದ್ದೆ. ಟರ್ನ್‌ಟೇಬಲ್ ಹಿಂದೆ ಇಂಡಿಯನ್ ಇದ್ರೆ ಫೋಟೋ ಚೆನ್ನಾಗಿರಲ್ಲ ಅಂದಿತ್ತಂತೆ ಕಂಪನಿ. ಹೂಂ ಅಂದು ಸಹಿ ಮಾಡಿದ್ದು ಶ್ರೀ. ಆಸ್ಪತ್ರೇಲಿ ಸಿಕ್ಕಿದ ಅವತ್ತು ಪ್ರಾಲೂ ನಾನೂ ಕಾರಲ್ಲಿ ಕೂತು ಒಬ್ಬೊಬ್ಬರಿಗೆ ಏನೇನು ಹೇಳಿದ್ದ ಅಂತ ಜೋಡಿಸಿ ನೋಡಿದ್ವಿ."

ಚಿತ್ರಾ ಗೇಟಿನ ಕಂಬಿ ಹಿಡಿದುಕೊಂಡಳು.

"ಆರು ವರ್ಷದ ಹಿಂದೆ ನೀವು ಮನೆಗೆ ಫೋನ್ ಮಾಡಿದ್ರಿ."

"ಮಾಡಿದ್ದೆ. ನೀವು ತುಂಬ ಬೈದ್ರಿ," ಡೆಲ್‌ರಾಯ್ ಕಣ್ಣಲ್ಲಿ ಒಂದಿಷ್ಟು ನಗೆ ಸುಳಿಯಿತು. "ನಿನ್ನ ಹೆಂಡತಿ ಉಸಿರು ತಗೊಳ್ದೆ ನನಗಿಂತ ಚೆನ್ನಾಗಿ ಹಾಡ್ತಾಳೆ ಅಂದೆ ಅವನಿಗೆ."

ಆವತ್ತು ಪ್ರಹ್ಲಾದ ಅಡುಗೆಮನೆಯಲ್ಲೇ ಕೂತಿದ್ದ. ಅವಳು ಬೈದು ಫೋನ್ ಇಟ್ಟಾಗ ತಲೆಯೆತ್ತದೆ ಹುರುಳೀಕಾಯಿ ಮುರಿಯುತ್ತಿದ್ದ. ಮರುವಾರವೇ ದೀಪಾವಳಿ, ಶ್ರೀರಾಮನಿಗೆ ಅವಳು ಕೈಯಾರೆ ಹೋಳಿಗೆ ಬಡಿಸಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?"

"ಕೇಳಿದ್ದೆ. ನಮ್ಮಮ್ಮನ ಭಾಷೇಲಿ ನನ್ನನ್ನ ಅಣ್ಣ ಅನ್ನೋಕೆ ಇನ್ನು ಉಳಿದಿರೋನು ಶ್ರೀ ಒಬ್ಬನೇ ಅಂದ. ಚಿತ್ರಾಗೆ ಗೊತ್ತಾದ್ರೆ ಅವನನ್ನ ಬಾಗಿಲಿಂದಾಚೆ ನಿಲ್ಲಿಸ್ತಾಳೆ ಅಂದ."

ನಿಜ, ನಿಲ್ಲಿಸುತ್ತಿದ್ದಳು. ಅವಳು ಯಾರನ್ನು ದ್ವೇಷಿಸಬೇಕೆಂದು ಇಷ್ಟು ವರ್ಷ ಗಂಡನೇ ತೀರ್ಮಾನಿಸಿದ್ದ. ಜಗಳವಾಡೋಣವೆಂದರೆ ಈಗ ಪೆಟ್ಟಿಗೆಯೊಳಗಿದ್ದ.

ಮಗಳು ಇಂಚರಾ ಬಾಗಿಲಲ್ಲಿ ನಿಂತು ಕೂಗಿದಳು. "ಅಮ್ಮ, ದೇ ಆರ್ ರೆಡಿ ಫಾರ್ ಅಸ್. ಆರ್ ಯೂ ಗ್ರ್ಯಾಂಡ್? ಓಕೆನಾ?"

"ಬಂದೆ," ಎಂದಳು ಚಿತ್ರಾ. ಡೆಲ್‌ರಾಯ್ ಕಡೆ ತಿರುಗಿದಳು. "ಬನ್ನಿ. ಒಂದು ಜಾಗ ಇದೆ."

*

ರಮೇಶ ಫೋನ್ ನೋಡಿಕೊಂಡು ಮಂತ್ರ ಓದಿದ. ಇಂಚರಾ ಪೆಟ್ಟಿಗೆಯ ಮೇಲೆ ತುಳಸಿ ಇಟ್ಟಳು. ಡೆಲ್‌ರಾಯ್ ಕೊನೆಯ ಸಾಲಿನಲ್ಲಿ ಕೂತಿದ್ದ. ಆಮೇಲೆ ರಮೇಶ ಮುಂದಿನ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಸರಿಮಾಡಿದ. ಲಂಡನ್ನಿನಿಂದ ಶ್ರೀರಾಮ ಕಾಣಿಸಿಕೊಂಡ. ಬಿಳಿ ಅಂಗಿ, ಹಣೆಗೆ ವಿಭೂತಿ. ಮೈಸೂರಿನ ನೆಂಟರೂ ನೋಡುತ್ತಿದ್ದುದರಿಂದ ಕನ್ನಡದಲ್ಲೇ ಮಾತಾಡಿದ.

"ಅಣ್ಣನ ಕೈಯಲ್ಲಿ ಸರಸ್ವತಿ ಇದ್ಲು. ಜೊತೇಲಿದ್ದೋರೇ ಬೆನ್ನಿಗೆ ಚೂರಿ ಹಾಕಿದ್ರು. ಹೆಸರು ಬೇಡ. ಎಲ್ಲಾರೂ ಕೈಬಿಟ್ಟಾಗ್ಲೂ ನಾನೊಬ್ಬ ಅಣ್ಣನ ಕೈ ಬಿಡ್ಲಿಲ್ಲ, ಅದೊಂದೇ ನಂಗೆ ಸಮಾಧಾನ..."

ಅವನು ಅಂಗಿಯ ತೋಳಿಗೆ ಕಣ್ಣೊರಸಿಕೊಂಡ. ಅತ್ತಿದ್ದು ಸುಳ್ಳಲ್ಲವೆಂದು ಚಿತ್ರಾಗೆ ಅನ್ನಿಸಿತು. ಹಿಂತಿರುಗಿ ನೋಡಿದಳು. ಒಂದಕ್ಷರವೂ ಅರ್ಥವಾಗದ ಡೆಲ್‌ರಾಯ್, ಸತ್ತವನ ತಮ್ಮ ಅಳುತ್ತಿದ್ದಾನೆಂದು ತಲೆ ತಗ್ಗಿಸಿ ಕೈಮುಗಿದುಕೊಂಡು ಕೂತಿದ್ದ.

ಚಿತ್ರಾ ಎದ್ದಳು. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಕೊನೆಯ ಸಾಲಿನತ್ತ ತಿರುಗಿಸಿದಳು.

"ಶ್ರೀರಾಮ, ಈಗ ಹೇಳಿದ್ದನ್ನೇ ಇನ್ನೊಂದ್ಸಲ ಇಂಗ್ಲಿಷಲ್ಲಿ ಹೇಳು. ಇವರಿಗೂ ಅರ್ಥ ಆಗ್ಲಿ."

ಡೆಲ್‌ರಾಯ್ ಎದ್ದು ನಿಂತು ಮಾಸ್ಕ್ ಕೆಳಗಿಳಿಸಿದ. ತೆರೆಯ ಮೇಲೆ ಶ್ರೀರಾಮನ ಬಾಯಿ ತೆರೆದೇ ಇತ್ತು. ಯಾರೂ ಮ್ಯೂಟ್ ಮಾಡಿರಲಿಲ್ಲ. ಅವನ ಬೆನ್ನ ಹಿಂದೆ, ಎಲ್ಲೋ ಒಳಗೆ, ಕುಕ್ಕರ್ ಒಂದು ಸೀಟಿ ಹಾಕಿತು.