ಥಾರ್ನ್ ಮನೆಯ ಕೆಂಪು ಪರದೆ

ಹಸಿ ಆಲೂಗೆಡ್ಡೆಯ ಹೋಳಿನಿಂದ ಅಡುಗೆಯ ಹುಲ್ಡಾ ಯಜಮಾನನ ಮೂಗು ಉಜ್ಜುತ್ತಿದ್ದಳು. ಚಿತ್ರದಲ್ಲಿದ್ದ ಮೂಗು. ನಿಜವಾದದ್ದು ಅವಳ ಬೆನ್ನ ಹಿಂದೆ ನಿಂತು ನಶ್ಯ ಏರಿಸುತ್ತಿತ್ತು.

"ಗಟ್ಟಿಯಾಗಿ ಉಜ್ಜೇ. ಬಾಸ್ಟನ್ನಿನವರೂ ಬರ್ತಾರೆ. ಹೊಗೆಮಸಿ ಕಾಣಬಾರದು," ಎಂದ ಎಲಿಫಲೆಟ್ ಥಾರ್ನ್.

ಅದೇ ಹಜಾರದಲ್ಲಿ ಅವನ ತಂಗಿ ಕೆಜಾಯ ಅಗ್ಗದ ಪೈನ್ ಮರದ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಗಿರಣಿಯ ಒಡೆಯನಿಗೆ ತಂಗಿಗೊಂದು ಓಕ್ ಪೆಟ್ಟಿಗೆ ಮಾಡಿಸಲು ಕೈ ಬಂದಿರಲಿಲ್ಲ. ಹೊಲಿದು ಹೊಲಿದು ಊದಿದ ಅವಳ ನಡುಬೆರಳಿನಿಂದ, ಸೂಜಿ ಚುಚ್ಚದಂತೆ ತೊಡುವ ಹಿತ್ತಾಳೆಯ ಬೆರಳುಟೋಪಿ ಕಳಚಲಾಗದೆ ಹುಲ್ಡಾ ಹಾಗೇ ಬಿಟ್ಟಿದ್ದಳು.

ಥಾರ್ನ್‌ನ ಮಗಳು ಲವೀನಿಯಾ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ತಾಯಿಯಿಲ್ಲದ ಅವಳನ್ನು ಸಾಕಿದವಳು ಈ ಸೋದರತ್ತೆ.

"ಅಪ್ಪಾ, ಅತ್ತೇದು ಒಂದು ಚಿತ್ರಾನೂ ಇಲ್ವಾ? ನಾಳೆ ಮುಖ ಮರೆತುಹೋದ್ರೆ ಏನ್ ಮಾಡ್ಲಿ?"

"ಬಾರೇ ಅಂದ್ರೂ ಬರಲಿಲ್ಲ ಕಣಮ್ಮ. ಅವಳಿಗೆ ನಾಚಿಕೆ."

ಹುಲ್ಡಾಳ ಕೈ ನಿಂತಿತು. ಹೆಣದ ಮುಂದೆಯೂ ಸುಳ್ಳು ಹೇಳುವ ಈ ಬಾಯಿಗೆ ಮೂವತ್ತು ವರ್ಷ ಅನ್ನ ಬೇಯಿಸಿ ಹಾಕಿದ್ದಕ್ಕೆ ಅವಳಿಗೆ ಹೇಸಿಗೆಯಾಯಿತು.

*

ಲವೀನಿಯಾಗೆ ಆಗ ಮೂರು ವರ್ಷ. ಅಪ್ಪ-ಮಗಳ ಈ ಚಿತ್ರ ಬರೆಯಲು ಬಂದ, ಊರೂರು ಅಲೆಯುವ ಚಿತ್ರಗಾರನ ಮುಂದೆ ಮಗು ಒಂದು ಗಳಿಗೆ ಕೂರದು. ಕೆಜಾಯ ಹೆಗಲ ಮೇಲೆ ಕೈಯಿಟ್ಟರೆ ಮಾತ್ರ ಸುಮ್ಮನಾಗುತ್ತಿತ್ತು. ನಾಲ್ಕು ದಿನ ಅವಳು ಹಾಗೇ ನಿಂತಳು; ಚಿತ್ರಗಾರ ಅವಳನ್ನೂ ಬರೆದ. ಚಿತ್ರ ಮುಗಿದು ಮೆರುಗೆಣ್ಣೆಯೂ ಒಣಗಿದ ಮೇಲೆ ಥಾರ್ನ್ ನೋಡಲು ಬಂದ.

"ಬೆರಳುಟೋಪಿ ಹಾಕ್ಕೊಂಡೇ ನಿಂತಿದಾಳಲ್ಲಯ್ಯಾ! ಥಾರ್ನ್ ತನ್ನ ತಂಗಿ ಹತ್ರ ಕೂಲಿ ಮಾಡಿಸ್ತಾನೆ ಅಂತಾರೆ ಜನ. ಅವಳ ಮೇಲೆ ಒಂದು ಪರದೆ ಬರೆದುಬಿಡು."

"ಮೆರುಗೆಣ್ಣೆ ಮೇಲೆ ಬಣ್ಣ ಬಹಳ ದಿನ ನಿಲ್ಲಲ್ಲ, ಸ್ವಾಮಿ."

"ನಾನಿರೋವರೆಗೂ ನಿಂತ್ರೆ ಸಾಕು."

ಅಂದು ಸಂಜೆ ಕೆಜಾಯ ಅಣ್ಣನ ಅಂಗಿಗೆ ಗುಂಡಿ ಹೊಲಿಯುತ್ತ ಕೂತಳು.

*

"ಆಲೂಗೆಡ್ಡೆಗೆ ಮಸಿ ಹೋಗ್ತಿಲ್ಲ, ಧಣಿ."

"ಏನಾದ್ರೂ ಹಾಕ್ಕೊಳ್ಳೇ. ಹೊಳೀಬೇಕು, ಅಷ್ಟೇ."

ಹುಲ್ಡಾ ಸಾಬೂನು ಕಾಯಿಸಲು ಇಟ್ಟಿದ್ದ ಕಟುವಾದ ಬೂದಿನೀರು ತಂದಳು. ಬೇರೆಲ್ಲೂ ಮುಟ್ಟದೆ ಚಿತ್ರದ ಕೆಂಪು ಪರದೆಯನ್ನಷ್ಟೇ ನೆನೆಸಿದಳು.

ಜನ ಸೇರಿದರು. ಥಾರ್ನ್ ಚಿತ್ರಕ್ಕೆ ಬೆನ್ನು ಮಾಡಿ ನಿಂತು ಗಂಟಲು ಸರಿಮಾಡಿಕೊಂಡ. "ದಿಕ್ಕಿಲ್ಲದ ತಂಗಿಗೆ ಈ ಮನೇಲಿ ನಾನು ಯಾವತ್ತೂ ಜಾಗ ಇಲ್ಲ ಅನ್ನಲಿಲ್ಲ..."

ಯಾರೂ ಅವನನ್ನು ನೋಡುತ್ತಿರಲಿಲ್ಲ. ಅವನ ತಲೆಯ ಹಿಂದೆ ಕೆಂಪು ಬಣ್ಣ ಕರಗಿ ಚೌಕಟ್ಟಿನಿಂದ ತೊಟ್ಟಿಕ್ಕುತ್ತಿತ್ತು. ಮಗುವಿನ ಹೆಗಲ ಮೇಲೆ ಒಂದು ಕೈ ಕಾಣಿಸಿಕೊಂಡಿತ್ತು. ನಡುಬೆರಳಲ್ಲಿ ಹಿತ್ತಾಳೆಯ ಬೆರಳುಟೋಪಿ.

ಲವೀನಿಯಾ ಪೆಟ್ಟಿಗೆಯೊಳಗಿನ ಕೈ ನೋಡಿದಳು. ಅಪ್ಪನನ್ನು ನೋಡಿದಳು.

"ಏ, ಅದನ್ನ ಮುಚ್ಚ್ರೋ!" ಎಂದು ಥಾರ್ನ್ ಅರಚಿದ.

ಲವೀನಿಯಾ ಹುಲ್ಡಾಳ ಕೈಯಿಂದ ಒದ್ದೆ ಬಟ್ಟೆ ಕಸಿದುಕೊಂಡಳು. ಅಪ್ಪನನ್ನು ಬದಿಗೆ ತಳ್ಳಿ ಕುರ್ಚಿ ಹತ್ತಿದಳು. ಆ ಕೈಯಿಂದ ಶುರುಮಾಡಿ ತೋಳು, ಹೆಗಲು, ಕತ್ತು ಎಂದು ಮೇಲಮೇಲಕ್ಕೆ ಒರೆಸುತ್ತ ಹೋದಳು.